ಎಚ್-4 ವೀಸಾ

ಎಚ್-4 ವೀಸಾ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಎಚ್ ವರ್ಗದ ತಾತ್ಕಾಲಿಕ ವೀಸಾದ ಮೇಲೆ ದುಡಿಯುತ್ತಿರುವ ವಿದೇಶೀಯರ ಪತಿ ಅಥವಾ ಪತ್ನಿಗೂ, 21 ವರ್ಷ ತುಂಬದ ಅವಿವಾಹಿತ ಮಕ್ಕಳಿಗೂ ಆ ದೇಶವು ನೀಡುವ ಅವಲಂಬಿತ ವೀಸಾ. ಆಡುಮಾತಿನಲ್ಲಿ ಇದನ್ನು 'ಡಿಪೆಂಡೆಂಟ್ ವೀಸಾ' ಎಂದೇ ಕರೆಯುವುದು ರೂಢಿ. ಕೃಷಿ ಮತ್ತು ಇತರ ಋತುಮಾನದ ಕೆಲಸಗಳಿಗೆ ಹೋಗುವವರ (ಎಚ್-2) ಹಾಗೂ ತರಬೇತಿಗೆ ಹೋಗುವವರ (ಎಚ್-3) ಕುಟುಂಬಗಳಿಗೂ ಇದೇ ವೀಸಾ ಸಿಗುತ್ತದೆಯಾದರೂ, ಭಾರತೀಯರಿಗೆ ಎಚ್-4 ಎಂದರೆ ಬಹುಮಟ್ಟಿಗೆ ಎಚ್-1ಬಿ ವೀಸಾದ ಮೇಲಿರುವ ಎಂಜಿನಿಯರು, ವೈದ್ಯರು, ಸಂಶೋಧಕರು ಮೊದಲಾದವರ ಮನೆಯವರು ಪಡೆಯುವ ವೀಸಾ. ಕುಟುಂಬವು ಒಟ್ಟಿಗಿರಲಿ ಎಂಬುದು ಇದರ ಉದ್ದೇಶ. ಆದರೆ ಕೆಲವೇ ವರ್ಷಗಳ ವಾಸಕ್ಕೆಂದು ರೂಪಿಸಿದ ಈ ವ್ಯವಸ್ಥೆಯಲ್ಲಿ ಅನೇಕರು ಹತ್ತು ಹದಿನೈದು ವರ್ಷಗಳನ್ನು ಕಳೆಯಬೇಕಾಗಿ ಬಂದದ್ದರಿಂದ, ಉದ್ಯೋಗದ ಹಕ್ಕು, ಮಕ್ಕಳ ಭವಿಷ್ಯ ಮತ್ತು ವಿವಾಹ ಸಂಬಂಧ ಮುರಿದಾಗಿನ ಸ್ಥಿತಿ ಇವು ಈ ವೀಸಾದ ಸುತ್ತಲಿನ ಮುಖ್ಯ ವಿವಾದಗಳಾಗಿವೆ.

ಹಿನ್ನೆಲೆ

ಅಮೆರಿಕದ ವಲಸೆ ಕಾನೂನಿನಲ್ಲಿ ಎಚ್ ವರ್ಗವು 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯಿದೆಯಿಂದ ಬಂದದ್ದು. 1990ರ ವಲಸೆ ಕಾಯಿದೆಯು ಇದನ್ನು ಮರುವಿಂಗಡಿಸಿ, ಪದವಿಯ ಅಗತ್ಯವಿರುವ ವಿಶೇಷ ಉದ್ಯೋಗಗಳಿಗೆ ಎಚ್-1ಬಿ ಎಂಬ ಪ್ರತ್ಯೇಕ ವರ್ಗವನ್ನು ರಚಿಸಿತು. ಮೊದಲು 3 ವರ್ಷ, ವಿಸ್ತರಿಸಿದರೆ ಒಟ್ಟು 6 ವರ್ಷ ಎಂಬುದು ಇದರ ಸಾಮಾನ್ಯ ಅವಧಿ. ವರ್ಷಕ್ಕೆ 65,000 ಹೊಸ ವೀಸಾಗಳ ಮಿತಿಯೂ, ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000 ವೀಸಾಗಳೂ ಇವೆ. ಎಚ್-4ಕ್ಕೆ ಇಂಥ ಸಂಖ್ಯಾಮಿತಿ ಇಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ತಂತ್ರಾಂಶ ಉದ್ಯಮ ಬೆಳೆದಂತೆ ಬೆಂಗಳೂರು, ಹೈದರಾಬಾದು, ಚೆನ್ನೈಗಳಿಂದ ಎಚ್-1ಬಿ ಮೇಲೆ ಹೋದವರ ಸಂಖ್ಯೆ ಏರಿತು. ಮದುವೆಯಾಗಿ ಅವರನ್ನು ಸೇರಿಕೊಂಡ ಪತ್ನಿಯರ ಸಂಖ್ಯೆಯೂ ಅದರ ಹಿಂದೆಯೇ ಏರಿತು. ಹೀಗೆ ಹೋದವರಲ್ಲಿ ಎಂಜಿನಿಯರಿಂಗ್, ವೈದ್ಯಕೀಯ, ವಾಣಿಜ್ಯ ಪದವೀಧರೆಯರು ಬಹಳ ಮಂದಿ ಇದ್ದರೆಂಬುದು ಮುಂದಿನ ವಿವಾದವನ್ನು ಅರ್ಥಮಾಡಿಕೊಳ್ಳಲು ಮುಖ್ಯವಾದ ಸಂಗತಿ.

ಅರ್ಹತೆ

ಕಾನೂನುಬದ್ಧ ವಿವಾಹವಾಗಿರುವ ಪತಿ ಅಥವಾ ಪತ್ನಿ ಮತ್ತು 21 ವರ್ಷದೊಳಗಿನ ಅವಿವಾಹಿತ ಮಕ್ಕಳು ಮಾತ್ರ ಈ ವೀಸಾಕ್ಕೆ ಅರ್ಹರು. 2013ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪಿನ ನಂತರ ಸಲಿಂಗ ವಿವಾಹಿತರಿಗೂ ಇದು ದೊರೆಯುತ್ತದೆ. ವಯಸ್ಸಾದ ತಂದೆತಾಯಿ, ಅತ್ತೆ ಮಾವ, ಅವಿವಾಹಿತ ತಂಗಿ ಇವರಾರೂ ಈ ಕಾನೂನಿನ ದೃಷ್ಟಿಯಲ್ಲಿ ಅವಲಂಬಿತರಲ್ಲ. ಮಗಳ ಬಾಣಂತನಕ್ಕೆಂದು ಕರ್ನಾಟಕದಿಂದ ಹೋಗುವ ತಾಯಂದಿರು ಬಿ-2 ಪ್ರವಾಸಿ ವೀಸಾದ ಮೇಲೆ ಹೋಗಿ, ಸಾಮಾನ್ಯವಾಗಿ ಆರು ತಿಂಗಳೊಳಗೆ ಹಿಂದಿರುಗುವುದು ಇದೇ ಕಾರಣದಿಂದ.

ಅರ್ಜಿ ಮತ್ತು ಅವಧಿ

ಪಾಸ್‌ಪೋರ್ಟಿನಲ್ಲಿ ಅಂಟಿಸುವ ವೀಸಾ ಮತ್ತು ದೇಶದೊಳಗೆ ಇರಲು ಕೊಡುವ ಸ್ಥಾನಮಾನ ಇವೆರಡೂ ಬೇರೆ ಬೇರೆ. ಇವನ್ನು ಒಂದೇ ಎಂದು ಭಾವಿಸಿ ತೊಂದರೆಗೆ ಸಿಲುಕುವವರು ಕಡಿಮೆಯಲ್ಲ. ವೀಸಾ ಎಂಬುದು ವಿಮಾನನಿಲ್ದಾಣದ ಬಾಗಿಲಿನವರೆಗೆ ಬರಲು ಸಿಕ್ಕ ಅನುಮತಿ. ಒಳಗೆ ಎಷ್ಟು ದಿನ ಇರಬಹುದೆಂಬುದನ್ನು ಹೇಳುವುದು ಪ್ರವೇಶದ ವೇಳೆ ದಾಖಲಾಗುವ ಐ-94 ಎಂಬ ದಾಖಲೆ. ವೀಸಾದ ಅವಧಿ ಮುಗಿದಿದ್ದರೂ ಐ-94ರ ಅವಧಿ ಉಳಿದಿದ್ದರೆ ವಾಸ ಕ್ರಮಬದ್ಧವೇ. ಆದರೆ ಊರಿಗೆ ಬಂದರೆ ಮರಳುವ ಮುನ್ನ ಹೊಸ ವೀಸಾ ಮುದ್ರೆ, ಅಂದರೆ 'ಸ್ಟ್ಯಾಂಪಿಂಗ್', ಬೇಕಾಗುತ್ತದೆ.

ಭಾರತದಿಂದ ಹೋಗುವವರು ಡಿಎಸ್-160 ಎಂಬ ಅರ್ಜಿಯನ್ನು ತುಂಬಿ, ಮದುವೆಯ ನೋಂದಣಿ ಪತ್ರ, ಮಕ್ಕಳ ಜನನ ಪ್ರಮಾಣಪತ್ರ, ಎಚ್-1ಬಿ ಹೊಂದಿದವರ ಮಂಜೂರಾತಿ ಪತ್ರ ಮತ್ತು ಸಂಬಳದ ದಾಖಲೆಗಳೊಂದಿಗೆ ಸಂದರ್ಶನಕ್ಕೆ ಹಾಜರಾಗಬೇಕು. ಲಗ್ನಪತ್ರಿಕೆ ಮತ್ತು ಮದುವೆಯ ಫೋಟೋಗಳು ಪೂರಕ ಸಾಕ್ಷ್ಯವಾದಾವೇ ಹೊರತು ನೋಂದಣಿ ಪತ್ರಕ್ಕೆ ಬದಲಿಯಾಗುವುದಿಲ್ಲ. ಆದ್ದರಿಂದ ಮದುವೆಯಾದ ಕೂಡಲೇ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿ ಮಾಡಿಸುವ ಪದ್ಧತಿ ಇಂಥ ಕುಟುಂಬಗಳಲ್ಲಿ ಬೆಳೆದಿದೆ. ಕರ್ನಾಟಕವು ಚೆನ್ನೈಯ ಅಮೆರಿಕನ್ ಕಾನ್ಸುಲೇಟಿನ ವ್ಯಾಪ್ತಿಗೆ ಸೇರಿದ್ದು, ಇಲ್ಲಿಯ ಅರ್ಜಿದಾರರು ಬಹುಕಾಲದಿಂದ ಅಲ್ಲಿಗೋ ಹೈದರಾಬಾದಿಗೋ ಪ್ರಯಾಣ ಮಾಡುತ್ತ ಬಂದಿದ್ದಾರೆ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕನ್ ಕಾನ್ಸುಲೇಟ್ ಉದ್ಘಾಟನೆಯಾಯಿತಾದರೂ ಆರಂಭದಲ್ಲಿ ಅಲ್ಲಿ ವೀಸಾ ಸೇವೆ ಇರಲಿಲ್ಲ.

2025ರ ಸೆಪ್ಟೆಂಬರಿನಿಂದ ಸಂದರ್ಶನ ವಿನಾಯಿತಿಯನ್ನು ಬಹುಮಟ್ಟಿಗೆ ಹಿಂತೆಗೆದುಕೊಂಡದ್ದರಿಂದ, ಹಿಂದೆ ವಿನಾಯಿತಿ ಪಡೆಯುತ್ತಿದ್ದ 14 ವರ್ಷದೊಳಗಿನ ಮಕ್ಕಳೂ ಸಾಮಾನ್ಯವಾಗಿ ಖುದ್ದಾಗಿ ಹಾಜರಾಗಬೇಕಾಯಿತು. ಅದೇ ವರ್ಷದ ಡಿಸೆಂಬರ್ 15ರಿಂದ ಎಚ್-1ಬಿ ಮತ್ತು ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣಗಳ ಖಾತೆಗಳನ್ನು ಪರಿಶೀಲಿಸುವ ಕ್ರಮವೂ ಜಾರಿಗೆ ಬಂದು, ಭಾರತದಲ್ಲಿ ನಿಗದಿಯಾಗಿದ್ದ ಅನೇಕ ಸಂದರ್ಶನಗಳು ಹಲವು ತಿಂಗಳು ಮುಂದಕ್ಕೆ ಹೋದವು. ರಜೆಗೆಂದು ಊರಿಗೆ ಬಂದವರು ಇಲ್ಲಿಯೇ ಉಳಿಯಬೇಕಾದ ಪ್ರಸಂಗಗಳು ಉಂಟಾದವು.

ಅಮೆರಿಕದೊಳಗೆ ಇರುವವರು ಅವಧಿಯ ವಿಸ್ತರಣೆಗೆ ಅಥವಾ ಬೇರೆ ವರ್ಗದಿಂದ ಎಚ್-4ಕ್ಕೆ ಬದಲಾಗಲು ಐ-539 ಎಂಬ ಅರ್ಜಿಯನ್ನು ವಲಸೆ ಸೇವಾ ಇಲಾಖೆಗೆ (ಯುಎಸ್‌ಸಿಐಎಸ್) ಸಲ್ಲಿಸುತ್ತಾರೆ. ಮುಖ್ಯ ವೀಸಾದ ಅವಧಿ ಎಷ್ಟೋ ಎಚ್-4ರ ಅವಧಿಯೂ ಹೆಚ್ಚೆಂದರೆ ಅಷ್ಟೇ. ಎಚ್-1ಬಿ ಹೊಂದಿದವರು ಕೆಲಸ ಕಳೆದುಕೊಂಡರೆ, 2017ರ ಜನವರಿಯಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಗರಿಷ್ಠ 60 ದಿನಗಳ ಕಾಲಾವಕಾಶ ಇಡೀ ಕುಟುಂಬಕ್ಕೆ ಸಿಗುತ್ತದೆ. ಅಷ್ಟರೊಳಗೆ ಹೊಸ ಉದ್ಯೋಗದಾತರು ಅರ್ಜಿ ಸಲ್ಲಿಸಬೇಕು, ಇಲ್ಲವೆ ಬೇರೆ ವರ್ಗಕ್ಕೆ ಬದಲಾಗಬೇಕು, ಇಲ್ಲವೆ ದೇಶ ಬಿಡಬೇಕು. ಶಾಲೆಯ ವರ್ಷದ ನಡುವೆ ಮಕ್ಕಳಿರುವ ಮನೆಗೆ ಇದು ಬಹಳ ಚಿಕ್ಕ ಅವಧಿ.

ಹಕ್ಕುಗಳು ಮತ್ತು ನಿರ್ಬಂಧಗಳು

ಎಚ್-4 ಮೇಲಿರುವವರು ಶಾಲೆ, ಕಾಲೇಜುಗಳಲ್ಲಿ ಪ್ರತ್ಯೇಕ ವಿದ್ಯಾರ್ಥಿ ವೀಸಾ ಇಲ್ಲದೆಯೇ ಓದಬಹುದು. ಬ್ಯಾಂಕ್ ಖಾತೆ ತೆರೆಯಬಹುದು. ಆಯಾ ರಾಜ್ಯದ ನಿಯಮಕ್ಕೆ ಒಳಪಟ್ಟು ವಾಹನ ಚಾಲನಾ ಪರವಾನಗಿ ಪಡೆಯಬಹುದು. ಸಂಬಳಕ್ಕೆ ದುಡಿಯುವಂತಿಲ್ಲ ಎಂಬುದೇ ಮೂಲ ನಿರ್ಬಂಧ. ಉದ್ಯೋಗಾನುಮತಿ ಇಲ್ಲದವರಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಸಾಮಾನ್ಯವಾಗಿ ದೊರೆಯುವುದಿಲ್ಲ. ತೆರಿಗೆ ಲೆಕ್ಕಕ್ಕೆಂದು ಐಟಿಐಎನ್ ಎಂಬ ಬೇರೆ ಸಂಖ್ಯೆಯನ್ನು ಕೊಡಲಾಗುತ್ತದೆ. ಸಾಲದ ಅರ್ಹತೆ, ಬಾಡಿಗೆ ಕರಾರು, ದೂರವಾಣಿ ಸಂಪರ್ಕ ಮೊದಲಾದ ಅನೇಕ ವ್ಯವಹಾರಗಳಲ್ಲಿ ಈ ಸಂಖ್ಯೆಯನ್ನು ಕೇಳುವ ದೇಶದಲ್ಲಿ, ಅದಿಲ್ಲದ ವ್ಯಕ್ತಿ ಪ್ರತಿಯೊಂದಕ್ಕೂ ಪತಿಯ ಅಥವಾ ಪತ್ನಿಯ ಹೆಸರನ್ನೇ ಮುಂದಿಡಬೇಕಾಗುತ್ತದೆ.

ಸಾಮಾನ್ಯವಾಗಿ ಸಂಬಳ ಕೊಟ್ಟು ಮಾಡಿಸುವಂಥದಲ್ಲದ ಸೇವೆಯನ್ನು ಸ್ವಯಂಪ್ರೇರಣೆಯಿಂದ ಮಾಡಲು ಅಡ್ಡಿಯಿಲ್ಲ. ಅಮೆರಿಕದ ಕನ್ನಡ ಕೂಟಗಳು ವಾರಾಂತ್ಯದಲ್ಲಿ ನಡೆಸುವ ಕನ್ನಡ ತರಗತಿಗಳಿಗೆ ದುಡಿದವರಲ್ಲಿ ಎಚ್-4 ಮೇಲಿದ್ದ ತಾಯಂದಿರೂ ಸೇರಿದ್ದಾರೆ.

ಎಚ್-4ರಲ್ಲಿ ಕಳೆದ ಕಾಲವನ್ನು ಎಚ್-1ಬಿಯ 6 ವರ್ಷಗಳ ಮಿತಿಗೆ ಲೆಕ್ಕ ಹಿಡಿಯುವುದಿಲ್ಲ. ಆದ್ದರಿಂದ ಅವಲಂಬಿತರಾಗಿ ಬಂದವರು ಮುಂದೆ ಸ್ವಂತ ಎಚ್-1ಬಿ ಪಡೆದರೆ ಪೂರ್ಣ ಅವಧಿ ಅವರಿಗೆ ಉಳಿದಿರುತ್ತದೆ. ಹಾಗೆ ಪಡೆಯಲು ಉದ್ಯೋಗದಾತರೂ ಬೇಕು, ಲಾಟರಿಯಲ್ಲಿ ಹೆಸರೂ ಬರಬೇಕು.

ಗ್ರೀನ್ ಕಾರ್ಡ್ ಸರತಿ

ಎಚ್-4 ಏಕೆ ಇಷ್ಟು ದೀರ್ಘವಾಯಿತು ಎಂಬುದಕ್ಕೆ ಉತ್ತರ ಗ್ರೀನ್ ಕಾರ್ಡ್ ಹಂಚಿಕೆಯ ಲೆಕ್ಕದಲ್ಲಿದೆ. ಉದ್ಯೋಗದ ಆಧಾರದ ಮೇಲೆ ಅಮೆರಿಕವು ವರ್ಷಕ್ಕೆ ಸುಮಾರು 1,40,000 ಕಾಯಂ ವಾಸದ ವೀಸಾಗಳನ್ನು ಕೊಡುತ್ತದೆ. ಇದರಲ್ಲಿ ಉದ್ಯೋಗಿಯಷ್ಟೇ ಅಲ್ಲ, ಅವರ ಪತಿ ಅಥವಾ ಪತ್ನಿ ಮತ್ತು ಪ್ರತಿಯೊಂದು ಮಗುವೂ ಒಂದೊಂದು ಸಂಖ್ಯೆಯಾಗಿ ಸೇರುತ್ತಾರೆ. ಇಬ್ಬರು ಮಕ್ಕಳಿರುವ ಒಬ್ಬ ಎಂಜಿನಿಯರಿನ ಪಾಲಿಗೆ ನಾಲ್ಕು ವೀಸಾಗಳು ಖರ್ಚಾಗುತ್ತವೆ. ಇದರ ಮೇಲೆ, ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಒಟ್ಟಿನ ಶೇಕಡಾ 7ಕ್ಕಿಂತ ಹೆಚ್ಚು ಹೋಗಬಾರದೆಂಬ ಮಿತಿಯಿದೆ. ನೂರಾರು ಕೋಟಿ ಜನರ ಭಾರತಕ್ಕೂ ಕೆಲವೇ ಲಕ್ಷ ಜನರ ಐಸ್‌ಲ್ಯಾಂಡಿಗೂ ಮಿತಿ ಒಂದೇ. ಹಂಚಿಕೆಯಾಗದೆ ಉಳಿದ ವೀಸಾಗಳು ಮಿತಿ ಮೀರಿಯೂ ದೊರೆಯುವುದುಂಟು. ಆದರೂ ಭಾರತದಲ್ಲಿ ಹುಟ್ಟಿದ ಎರಡನೆಯ ಮತ್ತು ಮೂರನೆಯ ಆದ್ಯತಾ ವರ್ಗದವರ ಸರತಿ ಹತ್ತು ವರ್ಷಗಳನ್ನು ಮೀರಿ ಬೆಳೆದಿದೆ.

ಇಲ್ಲಿ ಲೆಕ್ಕಕ್ಕೆ ಬರುವುದು ಪೌರತ್ವವಲ್ಲ, ಹುಟ್ಟಿದ ದೇಶ. ದಂಪತಿಯಲ್ಲಿ ಒಬ್ಬರು ಬೇರೆ ದೇಶದಲ್ಲಿ ಹುಟ್ಟಿದ್ದರೆ ಆ ದೇಶದ ಸರತಿಯನ್ನೇ ಇಬ್ಬರೂ ಬಳಸಿಕೊಳ್ಳಬಹುದು. ತಂದೆ ಕುವೈತಿನಲ್ಲೋ ದುಬೈಯಲ್ಲೋ ಕೆಲಸಕ್ಕಿದ್ದಾಗ ಅಲ್ಲಿ ಹುಟ್ಟಿದ ಮಂಗಳೂರಿನ ಹುಡುಗಿಯನ್ನು ಮದುವೆಯಾದ ಎಂಜಿನಿಯರು, ಭಾರತದಲ್ಲಿಯೇ ಹುಟ್ಟಿದವಳನ್ನು ಮದುವೆಯಾದ ಸಹೋದ್ಯೋಗಿಗಿಂತ ವರ್ಷಗಳಷ್ಟು ಮೊದಲೇ ಗ್ರೀನ್ ಕಾರ್ಡ್ ಪಡೆಯಬಲ್ಲನು. ಅವಲಂಬಿತರ ಕಡೆಯಿಂದ ಮುಖ್ಯ ಅರ್ಜಿದಾರರಿಗೆ ಅನುಕೂಲ ಹರಿಯುವ ಸಂದರ್ಭ ಈ ಕಾನೂನಿನಲ್ಲಿ ಬಹುಶಃ ಇದೊಂದೇ.

2000ದಲ್ಲಿ ಬಂದ ಕಾನೂನೊಂದು (ಎಸಿ-21) ಸರತಿಯಲ್ಲಿರುವವರು 6 ವರ್ಷ ಮೀರಿದ ಮೇಲೂ ಎಚ್-1ಬಿಯನ್ನು ವಿಸ್ತರಿಸಿಕೊಳ್ಳಲು ಅವಕಾಶ ಮಾಡಿತು. ಇದರಿಂದ ಉದ್ಯೋಗಿಯ ದುಡಿಮೆ ನಿಲ್ಲದಂತಾಯಿತು. ಎಚ್-4 ಮೇಲಿದ್ದವರ ಕೆಲಸವಿಲ್ಲದ ಕಾಲವೂ ಅಷ್ಟೇ ಉದ್ದವಾಯಿತು.

ಉದ್ಯೋಗಾನುಮತಿ

ಒಂದೇ ಕಂಪನಿಯೊಳಗೆ ವರ್ಗವಾಗಿ ಎಲ್-1 ವೀಸಾದ ಮೇಲೆ ಬಂದವರ ಪತಿ ಅಥವಾ ಪತ್ನಿಗೆ (ಎಲ್-2) ದುಡಿಯುವ ಅವಕಾಶವನ್ನು ಅಮೆರಿಕನ್ ಕಾಂಗ್ರೆಸ್ಸು 2002ರಲ್ಲಿಯೇ ಕಾನೂನಿನ ಮೂಲಕ ನೀಡಿತ್ತು. ಎಚ್-4ಕ್ಕೆ ಅಂಥ ಕಾನೂನು ಆಗಲಿಲ್ಲ. ಒಂದೇ ಬೀದಿಯಲ್ಲಿ ವಾಸಿಸುವ, ಒಂದೇ ಬಗೆಯ ಪದವಿ ಪಡೆದ ಇಬ್ಬರು ಮಹಿಳೆಯರಲ್ಲಿ ಒಬ್ಬಳು ಕಚೇರಿಗೆ ಹೋಗುವುದಕ್ಕೂ ಇನ್ನೊಬ್ಬಳು ಮನೆಯಲ್ಲಿರುವುದಕ್ಕೂ ಗಂಡಂದಿರ ವೀಸಾದ ಅಕ್ಷರವೊಂದೇ ಕಾರಣವಾಗಿತ್ತು.

ಬರಾಕ್ ಒಬಾಮಾ ಆಡಳಿತದ ಕಾಲದಲ್ಲಿ, 2014ರ ಮೇ ತಿಂಗಳಲ್ಲಿ, ಗೃಹಭದ್ರತಾ ಇಲಾಖೆಯು ಇದನ್ನು ಭಾಗಶಃ ಸರಿಪಡಿಸುವ ನಿಯಮವನ್ನು ಪ್ರಸ್ತಾಪಿಸಿತು. ಅಂತಿಮ ನಿಯಮವು 2015ರ ಫೆಬ್ರವರಿ 25ರಂದು ಪ್ರಕಟವಾಗಿ ಮೇ 26ರಿಂದ ಜಾರಿಗೆ ಬಂದಿತು. ಎಲ್ಲ ಎಚ್-4 ಹೊಂದಿದವರಿಗೂ ಇದು ಅನ್ವಯಿಸುವುದಿಲ್ಲ. ಎಚ್-1ಬಿ ಉದ್ಯೋಗಿಯ ಹೆಸರಿನಲ್ಲಿ ಸಲ್ಲಿಸಿದ ಗ್ರೀನ್ ಕಾರ್ಡ್ ಮನವಿ (ಐ-140) ಮಂಜೂರಾಗಿರಬೇಕು, ಅಥವಾ ಎಸಿ-21 ಕಾನೂನಿನಡಿ ಅವರಿಗೆ 6 ವರ್ಷ ಮೀರಿದ ವಿಸ್ತರಣೆ ಸಿಕ್ಕಿರಬೇಕು. ಅಂಥವರ ಪತಿ ಅಥವಾ ಪತ್ನಿ ಐ-765 ಅರ್ಜಿ ಸಲ್ಲಿಸಿ ಇಎಡಿ ಎಂದು ಕರೆಯುವ ಉದ್ಯೋಗಾನುಮತಿ ಕಾರ್ಡನ್ನು ಪಡೆಯಬಹುದು. ಕಾರ್ಡ್ ಕೈಗೆ ಬಂದ ಮೇಲೆ ಯಾವುದೇ ಉದ್ಯೋಗದಾತರ ಬಳಿ ದುಡಿಯಬಹುದು, ಸ್ವಂತ ವ್ಯವಹಾರವನ್ನೂ ನಡೆಸಬಹುದು. ಮಕ್ಕಳಿಗೆ ಈ ಸೌಲಭ್ಯವಿಲ್ಲ.

ಮೊದಲ ವರ್ಷ 1,79,600 ಮಂದಿ, ಆ ಬಳಿಕ ವರ್ಷಕ್ಕೆ 55,000 ಮಂದಿ ಅರ್ಹರಾಗಬಹುದೆಂದು ಇಲಾಖೆ ಅಂದಾಜು ಮಾಡಿತ್ತು. 2017ರ ಡಿಸೆಂಬರ್ ವೇಳೆಗೆ ನವೀಕರಣಗಳೂ ಸೇರಿ 1,26,853 ಅರ್ಜಿಗಳು ಮಂಜೂರಾಗಿದ್ದವು. ಮೊದಲ ಬಾರಿಗೆ ಅನುಮತಿ ಪಡೆದವರಲ್ಲಿ ಶೇಕಡಾ 93ರಷ್ಟು ಮಂದಿ ಭಾರತದಲ್ಲಿ ಹುಟ್ಟಿದವರು, ಶೇಕಡಾ 93ರಷ್ಟು ಮಂದಿ ಮಹಿಳೆಯರು. ಅಮೆರಿಕದ ಒಂದು ಸಾಮಾನ್ಯ ನಿಯಮವು ಬಹುಮಟ್ಟಿಗೆ ಭಾರತೀಯ ವಿವಾಹಿತ ಮಹಿಳೆಯರ ಪ್ರಶ್ನೆಯಾಗಿ ಪರಿಣಮಿಸಿದ್ದನ್ನು ಈ ಅಂಕಿಗಳು ತೋರಿಸುತ್ತವೆ.

ನಿಯಮ ಜಾರಿಗೆ ಬರುವ ಮುನ್ನವೇ, 2015ರ ಏಪ್ರಿಲಿನಲ್ಲಿ, 'ಸೇವ್ ಜಾಬ್ಸ್ ಯುಎಸ್ಎ' ಎಂಬ ಸಂಘಟನೆ ಅದರ ವಿರುದ್ಧ ವಾಷಿಂಗ್ಟನ್ ಡಿ.ಸಿ.ಯ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿತು. ಸದರ್ನ್ ಕ್ಯಾಲಿಫೋರ್ನಿಯಾ ಎಡಿಸನ್ ಎಂಬ ವಿದ್ಯುತ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದು, ತಮ್ಮ ಸ್ಥಾನಕ್ಕೆ ಎಚ್-1ಬಿ ನೌಕರರು ಬಂದದ್ದರಿಂದ ಕೆಲಸ ಕಳೆದುಕೊಂಡೆವೆಂದು ಹೇಳಿದ ಮಾಹಿತಿ ತಂತ್ರಜ್ಞಾನ ಉದ್ಯೋಗಿಗಳು ಕಟ್ಟಿಕೊಂಡ ಸಂಘಟನೆ ಇದು. ದುಡಿಯುವ ಅನುಮತಿಯನ್ನು ಕೊಡುವ ಅಧಿಕಾರ ಕಾಂಗ್ರೆಸ್ಸಿಗೆ ಮಾತ್ರ ಇದೆ, ಇಲಾಖೆಗಿಲ್ಲ ಎಂಬುದು ಅವರ ಮುಖ್ಯ ವಾದ. ಅವರ ಸಂಕಟವನ್ನು ಕಟ್ಟುಕಥೆಯೆಂದು ತಳ್ಳಿಹಾಕುವಂತಿರಲಿಲ್ಲ; ಆದರೆ ಅವರು ಕೆಲಸ ಕಳೆದುಕೊಂಡದ್ದು ಎಚ್-4 ಮೇಲಿದ್ದವರಿಂದಲ್ಲ. 2016ರಲ್ಲಿ ನ್ಯಾಯಾಧೀಶೆ ತಾನ್ಯಾ ಚಟ್ಕನ್ ದಾವೆಯನ್ನು ತಳ್ಳಿಹಾಕಿದರು. ಮೇಲ್ಮನವಿ ವಿಚಾರಣೆಗೆ ಬರುವಷ್ಟರಲ್ಲಿ ಡೊನಾಲ್ಡ್ ಟ್ರಂಪ್ ಆಡಳಿತ ಬಂದಿತ್ತು. ನಿಯಮವನ್ನು ತಾನೇ ರದ್ದುಪಡಿಸುವ ಇಂಗಿತವನ್ನು ಅದು 2017ರಲ್ಲಿ ಪ್ರಕಟಿಸಿ, 2019ರ ಫೆಬ್ರವರಿಯಲ್ಲಿ ಕರಡನ್ನು ಪರಿಶೀಲನೆಗೆ ಕಳುಹಿಸಿತು. ಕರಡು ಪ್ರಕಟವಾಗಲೇ ಇಲ್ಲ. 2021ರ ಜನವರಿಯಲ್ಲಿ ಜೋ ಬೈಡನ್ ಆಡಳಿತ ಅದನ್ನು ಹಿಂತೆಗೆದುಕೊಂಡಿತು. ನಡುವಿನ ಆ ವರ್ಷಗಳಲ್ಲಿ ಕೆಲಸಕ್ಕೆ ಸೇರಿದ್ದವರು, ಮನೆ ಕೊಂಡವರು, ಅಂಗಡಿ ತೆರೆದವರು ಎಲ್ಲರೂ ಆರಾರು ತಿಂಗಳಿಗೆ ಬದಲಾಗುವ ಸುದ್ದಿಯನ್ನು ನಂಬಿ ಬದುಕಬೇಕಾಯಿತು.

2019ರ ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯವು ಸಂಘಟನೆಗೆ ದಾವೆ ಹೂಡುವ ಹಕ್ಕಿದೆ ಎಂದು ಹೇಳಿ ಪ್ರಕರಣವನ್ನು ಹಿಂದಿರುಗಿಸಿತು. 2023ರ ಮಾರ್ಚಿನಲ್ಲಿ ಜಿಲ್ಲಾ ನ್ಯಾಯಾಲಯವೂ 2024ರ ಆಗಸ್ಟಿನಲ್ಲಿ ಮೇಲ್ಮನವಿ ನ್ಯಾಯಾಲಯವೂ ನಿಯಮವನ್ನು ಎತ್ತಿಹಿಡಿದವು. 2025ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸುವುದರೊಂದಿಗೆ ಹತ್ತು ವರ್ಷಗಳ ಈ ವ್ಯಾಜ್ಯ ಮುಗಿಯಿತು. ಆದರೆ ಇದು ಕಾಂಗ್ರೆಸ್ಸಿನ ಕಾನೂನಲ್ಲ, ಇಲಾಖೆಯ ನಿಯಮ. ಇನ್ನೊಂದು ಆಡಳಿತವು ಸೂಕ್ತ ಕ್ರಮವನ್ನು ಅನುಸರಿಸಿ ಇದನ್ನು ಬದಲಿಸಬಹುದು.

ನವೀಕರಣದ ವಿಳಂಬ

ಇಎಡಿ ಕಾರ್ಡಿನ ಅವಧಿ ಎಚ್-4ರ ಅವಧಿಗೆ ಕಟ್ಟುಬಿದ್ದಿರುವುದರಿಂದ ಎರಡನ್ನೂ ಒಟ್ಟಿಗೆ ನವೀಕರಿಸಬೇಕು. 2019ರ ಮಾರ್ಚಿನಲ್ಲಿ ಐ-539 ಅರ್ಜಿದಾರರಿಗೆಲ್ಲ ಬೆರಳಚ್ಚು ಕಡ್ಡಾಯವಾದ ಮೇಲೆ, ಅದರಲ್ಲೂ ಕೋವಿಡ್ ಕಾಲದಲ್ಲಿ ಕಚೇರಿಗಳು ಮುಚ್ಚಿದ ಮೇಲೆ, ಅರ್ಜಿಗಳು ತಿಂಗಳುಗಟ್ಟಲೆ ಕೊಳೆತವು. ಕಾರ್ಡ್ ಬಾರದ ಕಾರಣ ಇದ್ದ ಕೆಲಸ ಕಳೆದುಕೊಂಡವರು ನ್ಯಾಯಾಲಯಕ್ಕೆ ಹೋದರು. 2021ರ ನವೆಂಬರಿನ ಶೆರ್ಗಿಲ್ ಪ್ರಕರಣದ ರಾಜಿಯಿಂದ, ನವೀಕರಣದ ಅರ್ಜಿ ಬಾಕಿಯಿರುವಾಗ 180 ದಿನಗಳವರೆಗೆ ಹಳೆಯ ಅನುಮತಿ ತಾನಾಗಿ ಮುಂದುವರಿಯುವ ಅನುಕೂಲ ಎಚ್-4ಕ್ಕೂ ದೊರೆಯಿತು. ಐ-94ರ ಅವಧಿ ಉಳಿದಿರಬೇಕೆಂಬ ಷರತ್ತು ಅದಕ್ಕಿತ್ತು. ಮುಂದೆ ಇದನ್ನು 540 ದಿನಗಳಿಗೆ ಹೆಚ್ಚಿಸಲಾಯಿತು. 2025ರ ಅಕ್ಟೋಬರ್ 30ರಿಂದ ಸಲ್ಲಿಸುವ ಅರ್ಜಿಗಳಿಗೆ ಈ ಸ್ವಯಂ ಮುಂದುವರಿಕೆಯನ್ನು ರದ್ದುಪಡಿಸಲಾಗಿದೆ. ಹೀಗಾಗಿ ಕಾರ್ಡಿನ ಕೊನೆಯ ದಿನದೊಳಗೆ ಹೊಸ ಕಾರ್ಡ್ ಬಾರದಿದ್ದರೆ ಮರುದಿನದಿಂದ ಕೆಲಸ ನಿಲ್ಲಿಸಬೇಕು.

ಮಕ್ಕಳು ಮತ್ತು 21ನೆಯ ವರ್ಷ

ಎಚ್-4 ಮೇಲೆ ಎರಡು ಮೂರು ವರ್ಷದ ಕೂಸಾಗಿ ಹೋಗಿ, ಅಲ್ಲಿಯೇ ಅಕ್ಷರ ಕಲಿತು, ಹೈಸ್ಕೂಲು ಮುಗಿಸಿದ ಮಗು 21 ತುಂಬಿದ ದಿನ ಅವಲಂಬಿತನೆಂಬ ಸ್ಥಾನವನ್ನು ಕಳೆದುಕೊಳ್ಳುತ್ತದೆ. ತಂದೆತಾಯಿಯ ಗ್ರೀನ್ ಕಾರ್ಡ್ ಸರತಿಯಿಂದಲೂ ಅದರ ಹೆಸರು ಬಿದ್ದುಹೋಗುತ್ತದೆ. ಆಗ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗುವುದು ಸಾಮಾನ್ಯ ದಾರಿ. ಇಲ್ಲವಾದರೆ, ಹುಟ್ಟಿದ ಊರೆಂಬ ಕಾರಣಕ್ಕೆ, ನೆನಪೇ ಇಲ್ಲದ ಊರಿಗೆ ಮರಳಬೇಕು.

2002ರ ಮಕ್ಕಳ ಸ್ಥಾನಮಾನ ರಕ್ಷಣಾ ಕಾಯಿದೆಯು ಸ್ವಲ್ಪ ಪರಿಹಾರ ನೀಡುತ್ತದೆ. ವೀಸಾ ಸಂಖ್ಯೆ ದೊರೆತ ದಿನದಂದು ಮಗುವಿಗೆ ಎಷ್ಟು ವಯಸ್ಸೋ ಅದರಿಂದ, ತಂದೆ ಅಥವಾ ತಾಯಿಯ ಐ-140 ಮನವಿ ಇತ್ಯರ್ಥವಾಗಲು ಹಿಡಿದ ಕಾಲವನ್ನು ಕಳೆಯಲಾಗುತ್ತದೆ. ಉದಾಹರಣೆಗೆ, ಸಂಖ್ಯೆ ದೊರೆತಾಗ ಮಗನಿಗೆ 21 ವರ್ಷ 4 ತಿಂಗಳಾಗಿದ್ದು ಮನವಿ 6 ತಿಂಗಳು ಬಾಕಿಯಿದ್ದರೆ, ಕಾನೂನಿನ ಲೆಕ್ಕದಲ್ಲಿ ಅವನ ವಯಸ್ಸು 20 ವರ್ಷ 10 ತಿಂಗಳು. ಆದರೆ ಮನವಿ ಮಂಜೂರಾದ ನಂತರ ಸರತಿಯಲ್ಲಿ ಕಾದ ವರ್ಷಗಳನ್ನು ಹೀಗೆ ಕಳೆಯುವುದಿಲ್ಲ. ಭಾರತೀಯರ ತೊಂದರೆ ಇರುವುದೇ ಅಲ್ಲಿ. ಸಂಖ್ಯೆ 'ದೊರೆತ' ದಿನ ಯಾವುದೆಂಬುದನ್ನು ಅರ್ಜಿದಾರರಿಗೆ ಅನುಕೂಲವಾಗುವಂತೆ 2023ರ ಫೆಬ್ರವರಿಯಲ್ಲಿ ಸಡಿಲಿಸಿದ್ದ ಇಲಾಖೆ, 2025ರ ಆಗಸ್ಟ್ 15ರಿಂದ ಹಳೆಯ ಬಿಗಿಯಾದ ಲೆಕ್ಕಕ್ಕೆ ಮರಳಿತು.

ಇಂಥ ಯುವಜನರನ್ನು 'ಡಾಕ್ಯುಮೆಂಟೆಡ್ ಡ್ರೀಮರ್ಸ್' ಎಂದು ಕರೆಯುತ್ತಾರೆ. ದಾಖಲೆಯಿಲ್ಲದೆ ಬಾಲ್ಯದಲ್ಲಿ ಬಂದವರಿಗೆ 2012ರಲ್ಲಿ ಜಾರಿಯಾದ ಡಾಕಾ ಯೋಜನೆ ಇವರಿಗೆ ಅನ್ವಯಿಸಲಿಲ್ಲ, ಏಕೆಂದರೆ ಇವರ ಬಳಿ ಕ್ರಮಬದ್ಧ ದಾಖಲೆಗಳಿದ್ದವು. ಇವರಿಗಾಗಿ ಅಮೆರಿಕನ್ ಕಾಂಗ್ರೆಸ್ಸಿನಲ್ಲಿ 2021ರಲ್ಲಿ ಮಂಡಿಸಿದ ಮಸೂದೆ ಕಾನೂನಾಗಲಿಲ್ಲ. ಒಂದೇ ಮನೆಯಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಕ್ಕ ಎಚ್-4 ಮೇಲೂ, ಅಮೆರಿಕದಲ್ಲಿ ಹುಟ್ಟಿದ ತಮ್ಮ ಆ ದೇಶದ ಪ್ರಜೆಯಾಗಿಯೂ ಇರುವುದು ಸಾಮಾನ್ಯ ಸಂಗತಿ.

ವಿಚ್ಛೇದನ, ಹಿಂಸೆ ಮತ್ತು ಮರಣ

ಅವಲಂಬಿತರ ಸ್ಥಾನಮಾನವು ಮುಖ್ಯ ವೀಸಾ ಹೊಂದಿದವರೊಂದಿಗಿನ ಸಂಬಂಧದಿಂದ ಹುಟ್ಟಿದ್ದಾದ್ದರಿಂದ, ಆ ಸಂಬಂಧ ಕಡಿದರೆ ಸ್ಥಾನಮಾನವೂ ಹೋಗುತ್ತದೆ. ವಿಚ್ಛೇದನದ ಆದೇಶವಾದೊಡನೆ ಎಚ್-4 ಕೊನೆಗೊಳ್ಳುತ್ತದೆ. ಗಂಡನ ಹಿಂಸೆಯನ್ನು ಸಹಿಸಲಾಗದೆ ಹೊರಬರಬಯಸುವ ಮಹಿಳೆಗೆ ಆದಾಯ, ಮನೆ, ದೇಶದಲ್ಲಿ ಇರುವ ಹಕ್ಕು ಮೂರೂ ಏಕಕಾಲಕ್ಕೆ ಕೈತಪ್ಪುವ ಭಯವಿರುತ್ತದೆ. ಮಕ್ಕಳು ಅಮೆರಿಕದ ಪ್ರಜೆಗಳಾಗಿದ್ದರೆ ಅವರನ್ನು ಬಿಟ್ಟು ಬರಬೇಕಾದೀತೆಂಬ ಭಯ ಬೇರೆ. ಮಹಿಳೆಯರ ಮೇಲಿನ ಹಿಂಸೆಯನ್ನು ತಡೆಯುವ ಕಾಯಿದೆಯ 2005ರ ನವೀಕರಣದಲ್ಲಿ ಎಚ್ ವರ್ಗದವರೂ ಸೇರಿದಂತೆ ಕೆಲವು ವೀಸಾದಾರರಿಂದ ಹಿಂಸೆಗೊಳಗಾದ ಪತಿ ಪತ್ನಿಯರಿಗೆ ಉದ್ಯೋಗಾನುಮತಿ ನೀಡಲು ಅವಕಾಶ ಮಾಡಲಾಯಿತು. ಅದಕ್ಕಾಗಿ ಐ-765ವಿ ಎಂಬ ಅರ್ಜಿಯ ನಮೂನೆ ಬಳಕೆಗೆ ಬರಲು ಹತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಈ ಅನುಮತಿ ದುಡಿಯುವುದಕ್ಕೆ ಮಾತ್ರ. ಕಾಯಂ ವಾಸದ ಹಕ್ಕನ್ನು ಅದು ಕೊಡುವುದಿಲ್ಲ.

ಮುಖ್ಯ ವೀಸಾದಾರರು ತೀರಿಕೊಂಡಾಗಲೂ ಸ್ಥಿತಿ ಇದೇ. 2017ರ ಫೆಬ್ರವರಿ 22ರಂದು ಕ್ಯಾನ್ಸಸ್ ರಾಜ್ಯದ ಒಲೇತ ಪಟ್ಟಣದಲ್ಲಿ ಹೈದರಾಬಾದಿನ ಎಂಜಿನಿಯರ್ ಶ್ರೀನಿವಾಸ ಕುಚಿಭೋಟ್ಲ ಜನಾಂಗದ್ವೇಷದ ಗುಂಡಿಗೆ ಬಲಿಯಾದರು. ಅವರ ಪತ್ನಿ ಸುನಯನಾ ದುಮಾಲಾ ಪತಿಯ ವೀಸಾದ ಆಧಾರದ ಮೇಲೆ ಅಲ್ಲಿದ್ದವರಾದ್ದರಿಂದ, ಅಂತ್ಯಕ್ರಿಯೆಗೆ ಭಾರತಕ್ಕೆ ಬಂದ ಮೇಲೆ ಮರಳಿ ಹೋಗುವ ಹಕ್ಕೇ ಅವರಿಗೆ ಉಳಿದಿರಲಿಲ್ಲ. ಕ್ಯಾನ್ಸಸ್‌ನ ಕಾಂಗ್ರೆಸ್ ಸದಸ್ಯ ಕೆವಿನ್ ಯೋಡರ್ ಅವರ ನೆರವಿನಿಂದ ಅವರು ತಾತ್ಕಾಲಿಕ ಅನುಮತಿ ಪಡೆದು ಹಿಂದಿರುಗಿದರು. ಜಗತ್ತಿನ ಗಮನ ಸೆಳೆದ ಪ್ರಕರಣವಾದ್ದರಿಂದ ಅಷ್ಟು ಸಾಧ್ಯವಾಯಿತು. ಹೃದಯಾಘಾತದಿಂದಲೋ ರಸ್ತೆ ಅಪಘಾತದಿಂದಲೋ ಗಂಡನನ್ನು ಕಳೆದುಕೊಂಡವರ ಪರವಾಗಿ ಇಂಥ ಪ್ರಯತ್ನ ನಡೆಯುವುದು ಅಪರೂಪ.

ಇತರ ದೇಶಗಳ ಅವಲಂಬಿತ ವೀಸಾಗಳು

ಬ್ರಿಟನ್ನಿನಲ್ಲಿ ನುರಿತ ಉದ್ಯೋಗಿಗಳ ಪತಿ ಅಥವಾ ಪತ್ನಿ ಸಾಮಾನ್ಯವಾಗಿ ಬಂದ ದಿನದಿಂದಲೇ ದುಡಿಯಬಹುದು; ಆದರೆ 2024ರ ಮಾರ್ಚ್ 11ರಿಂದ ಆರೈಕೆ ಕೆಲಸಕ್ಕೆ ಹೊಸದಾಗಿ ಹೋಗುವವರು ಕುಟುಂಬವನ್ನು ಕರೆತರುವಂತಿಲ್ಲ. ಸಿಂಗಪುರವು 2021ರ ಮೇ ತಿಂಗಳಿಂದ ಅವಲಂಬಿತರು ಕೆಲಸಕ್ಕೆ ಸೇರಲು ಸ್ವಂತ ಉದ್ಯೋಗ ಪಾಸ್ ಪಡೆಯಬೇಕೆಂದು ನಿಯಮ ಬಿಗಿಗೊಳಿಸಿತು. ಕೆನಡಾ ದೇಶವು 2025ರ ಜನವರಿಯಿಂದ ವಿದೇಶಿ ನೌಕರರ ಪತಿ ಪತ್ನಿಯರಿಗೆ ಕೊಡುತ್ತಿದ್ದ ಮುಕ್ತ ಉದ್ಯೋಗಾನುಮತಿಯನ್ನು ಆಯ್ದ ವೃತ್ತಿಗಳವರಿಗೆ ಸೀಮಿತಗೊಳಿಸಿದೆ. ದಕ್ಷಿಣ ಕನ್ನಡ, ಉಡುಪಿ, ಭಟ್ಕಳದ ಕಡೆಯವರು ಹೆಚ್ಚಾಗಿ ಹೋಗುವ ಕೊಲ್ಲಿ ರಾಷ್ಟ್ರಗಳಲ್ಲಿ ಕುಟುಂಬದ ವೀಸಾಕ್ಕೆ ಸಂಬಳ ಅಥವಾ ಹುದ್ದೆಯೇ ಅಳತೆಗೋಲು. ಸೌದಿ ಅರೇಬಿಯವು 2017ರ ಜುಲೈಯಿಂದ ಪ್ರತಿ ಅವಲಂಬಿತರಿಗೂ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿ, ವರ್ಷಕ್ಕೆ 100ರಂತೆ ಏರಿಸುತ್ತ 2020ರಲ್ಲಿ 400 ರಿಯಾಲ್‌ಗೆ ತಂದಿತು. ಇದನ್ನು ಭರಿಸಲಾಗದೆ ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಿ ಒಂಟಿಯಾಗಿ ಉಳಿದ ಭಾರತೀಯ ನೌಕರರು ಅನೇಕರು.

ಅಧ್ಯಯನ ಮತ್ತು ಚಿತ್ರ

ಎಚ್-4 ಮೇಲೆ ಹೋಗಿ ಕೆಲಸವಿಲ್ಲದೆ ಕುಳಿತ ಅನುಭವದಿಂದಲೇ ಮೇಘನಾ ದಮಾನಿ ಅವರು 'ಹಾರ್ಟ್ಸ್ ಸಸ್ಪೆಂಡೆಡ್' (2007) ಎಂಬ ಸಾಕ್ಷ್ಯಚಿತ್ರವನ್ನು ನಿರ್ದೇಶಿಸಿದರು. ಏಮಿ ಭಟ್ ಅವರ 'ಹೈ-ಟೆಕ್ ಹೌಸ್‌ವೈವ್ಸ್' (2018) ಮಾಹಿತಿ ತಂತ್ರಜ್ಞಾನದ ಭಾರತೀಯ ಕುಟುಂಬಗಳಲ್ಲಿ ಮನೆಗೆಲಸ ಮತ್ತು ವಲಸೆಯ ಸಂಬಂಧವನ್ನು ಕುರಿತದ್ದು. ಪಲ್ಲವಿ ಬ್ಯಾನರ್ಜಿ ಅವರ 'ದಿ ಆಪರ್ಚುನಿಟಿ ಟ್ರ್ಯಾಪ್' (2022) ತಂತ್ರಜ್ಞರ ಪತ್ನಿಯರನ್ನಷ್ಟೇ ಅಲ್ಲದೆ, ಭಾರತದಿಂದ ದಾದಿಯರಾಗಿ ಹೋದ ಮಹಿಳೆಯರ ಹಿಂದೆ ಅವಲಂಬಿತರಾಗಿ ಹೋದ ಗಂಡಂದಿರನ್ನೂ ಅಧ್ಯಯನ ಮಾಡುತ್ತದೆ.